ಚುಕ್ಕೆ ಪ್ರಶ್ನೆಗೆ ಮಾವನ ಉತ್ತರ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದವರಲ್ಲ. ಹಾಗಂತ ಅವರ ಬಾಯಿಂದ ಒಂದೇ ಒಂದು ನಿಜ ಕೇಳಿದವರನ್ನೂ ನಾನು ಕಂಡಿಲ್ಲ! ಅದು ಹೇಗ್ರೀ ಸಾಧ್ಯ ಅಂತೀರಾ? ಸಾಧ್ಯ ಸ್ವಾಮಿ, ಸಾಧ್ಯ. ಆ ಕೆಲಸಕ್ಕೇ ಅವರಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು.

ಮನೆ ಕಟ್ಟಿಕೊಳ್ಳುವವರಿಗೆ ಸಾಲ ಕೊಡುವ ಸರ್ಕಾರಿ ಸಂಸ್ಥೆಯೊಂದರಲ್ಲಿ ಮಾವ ಗುಮಾಸ್ತರು. ಸಾಲ ಕೊಡುವುದು ಅವರ ಕೆಲಸವಲ್ಲ. ಸಾಲ ಯಾಕೆ ಕೊಟ್ಟಿಲ್ಲ ಅಂತ ಯಾರಾದರೂ ಶಾಸಕರು ವಿಧಾನಸಭೆಯಲ್ಲಿ ಕೇಳಿದರೆ ಮಂತ್ರಿಗಳು ಎದ್ದು ನಿಂತು ಏನನ್ನೋ ಓದಬೇಕಲ್ಲ, ಆ ಏನನ್ನೋ ಬರೆದುಕೊಡುವುದು ಅವರ ಕೆಲಸ. ಪ್ರಶ್ನೆ ವಿಧಾನಸೌಧದಿಂದ ಹೊರಟು, ದೊಡ್ಡ ಮೇಜುಗಳಿಂದ ಸಣ್ಣ ಮೇಜುಗಳಿಗೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಮಾವನ ಮೇಜಿಗೆ ಬಂದು ಬೀಳುತ್ತಿತ್ತು. ಅದರಲ್ಲೂ ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಮಂತ್ರಿಗಳು ಸದನದಲ್ಲಿ ಬಾಯಿಬಿಟ್ಟೇ ಉತ್ತರ ಹೇಳಬೇಕಾದದ್ದು. ಅಂಥದೊಂದು ಬಂದ ದಿನ ಮಾವ ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿಸುತ್ತಿದ್ದರು.

ಅವರ ವಿದ್ಯೆಯ ಗುಟ್ಟನ್ನು ನನಗೆ ಹತ್ತು ವರ್ಷವಾಗಿದ್ದಾಗಲೇ ಹೇಳಿಕೊಟ್ಟಿದ್ದರು. "ನೋಡು ಮರಿ, ಪ್ರಶ್ನೆ ಯಾವಾಗ್ಲೂ ಅ, ಆ, ಇ ಅಂತ ಮೂರು ತುಂಡಾಗಿ ಬರುತ್ತೆ. ಇಂಥದ್ದು ಆಗಿದೆಯಾ, ಆಗಿದ್ರೆ ಯಾಕೆ, ಯಾವಾಗ ಸರಿ ಮಾಡ್ತೀರಿ. ನೀನು ಅ-ಗೆ ಹೆಂಗಾದ್ರೂ ಮಾಡಿ 'ಇಲ್ಲ' ಅಂದ್ಬಿಡು. ಆ, ಇ ಎರಡಕ್ಕೂ 'ಉದ್ಭವಿಸುವುದಿಲ್ಲ' ಅಂತ ಬರೆದು ಎದ್ದು ಕಾಫಿಗೆ ಹೋಗು!"

ಈ ವಿದ್ಯೆ ಆಫೀಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ನಮ್ಮತ್ತೆ, "ರೀ, ಅಕ್ಕಿ ಮುಗಿದಿದೆ ಅಂತ ಬೆಳಿಗ್ಗೆನೇ ಹೇಳಿದ್ನಲ್ಲ, ಯಾಕ್ರೀ ತರ್ಲಿಲ್ಲ?" ಅಂದರು. ಮಾವ ಪೇಪರಿನಿಂದ ತಲೆ ಎತ್ತದೆ, "ಅಕ್ಕಿಯ ಕೊರತೆ ಗಮನಕ್ಕೆ ಬಂದಿಲ್ಲ" ಅಂದರು. ಅತ್ತೆ ಒಳಗೆ ಹೋದರು. ರಾತ್ರಿ ತಟ್ಟೆಗೆ ಬರೀ ಸಾರು ಬಡಿಸಿ, "ಅನ್ನ ಉದ್ಭವಿಸಿಲ್ಲ, ಏಳಿ" ಅಂದರು!

ಬಸ್ಸಿನಲ್ಲೂ ಇದೇ ಪಾಡು. ಪ್ರತಿ ಭಾನುವಾರ ಅವರು ಪೀಣ್ಯದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಒಮ್ಮೆ ಬಸ್ಸು ಬದಲಿಸಲೆಂದು ಯಶವಂತಪುರದ ತನಕ ಟಿಕೆಟ್ ತೆಗೆದುಕೊಂಡು, ನಿದ್ದೆ ಹೋಗಿ, ಅದನ್ನು ದಾಟಿಬಿಟ್ಟಿದ್ದರು. ಚೆಕಿಂಗಿನವನು ಹತ್ತಿ, "ಟಿಕೆಟ್ ಇದ್ಯಾ ಸಾರ್?" ಅಂದ. "ಇದೆ." "ಇಲ್ಲೀ ತನಕ ಇದ್ಯಾ?" "ಅದು ಬೇರೆ ಪ್ರಶ್ನೆ. ಪ್ರತ್ಯೇಕ ನೋಟಿಸು ಬೇಕಾಗುತ್ತೆ." ಆತ ಗೊರಗುಂಟೆಪಾಳ್ಯದಲ್ಲಿ ಇಳಿಸಿಯೇ ನೋಟಿಸು ಕೊಟ್ಟ. ಉಳಿದ ದಾರಿಯನ್ನು ಮಾವ ಬಿಸಿಲಲ್ಲಿ ನಡೆದು ಬಂದರು, ಆದರೂ ತಮ್ಮ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ ಅಂತ ಊಟ ಮುಗಿಯುವವರೆಗೂ ವಾದಿಸಿದರು.

ಇಲ್ಲಿಯವರೆಗೆ ನಗಬಹುದು. ಇನ್ನು ಮುಂದಿನದನ್ನು ಹೇಗೆ ಹೇಳಬೇಕೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್. ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಮಿಕರಿಗೆಂದು ಅಲ್ಲೊಂದು ಸಾಲು ಸೈಟು ಹಂಚಿದರು. ಮನೆ ಕಟ್ಟಲು ಸಾಲ ಕೊಟ್ಟದ್ದು ಮಾವನ ಸಂಸ್ಥೆಯೇ. ಪಾಯಕ್ಕೆ ಒಂದು ಕಂತು ಬಂತು, ಗೋಡೆಗೆ ಇನ್ನೊಂದು ಬಂತು. ಛಾವಣಿಗೆ ಮೋಲ್ಡು ಹಾಕಿಸುವ ಮೂರನೆಯ ಕಂತು ಮಾತ್ರ ಬರಲೇ ಇಲ್ಲ! ಬಾಡಿಗೆ ಮನೆ ಬಿಟ್ಟಾಗಿತ್ತು. ಗೋಡೆಗಳ ಮೇಲೆ ಟಾರ್ಪಾಲು ಎಳೆದುಕಟ್ಟಿ ನಾವು ಒಳಗೆ ಸೇರಿಕೊಂಡೆವು, ಸಾಲಿನವರೆಲ್ಲ ಹಾಗೇ ಸೇರಿಕೊಂಡರು. ಅಮ್ಮ ಆಗ ಬಸುರಿ, ಮಳೆಗಾಲದಲ್ಲಿ ಹೆರಿಗೆ. ಮಗು ಬರುವ ಹೊತ್ತಿಗೆ ತಲೆಯ ಮೇಲೊಂದು ಸೂರಾಗಬೇಕು ಅನ್ನುವುದೊಂದೇ ಅವಳ ಜಪ.

ಅಣ್ಣನನ್ನು ಕೇಳಿದಳು. ಮಾವ, "ಕಂತು ಬಿಡುಗಡೆ ಬೇರೆ ಸೆಕ್ಷನ್ನು ಕಣೇ. ನಂದು ಉತ್ತರದ ಸೆಕ್ಷನ್ನು. ಇನ್ನೊಬ್ಬರ ಮೇಜಿಗೆ ನಾನು ಕೈ ಹಾಕ್ಬಾರ್ದು" ಅಂದು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡರು.

ಅಮ್ಮ ಯಾರಿಗೂ ಹೇಳದೆ, ನನ್ನನ್ನು ಜೊತೆಗೆ ಕರೆದುಕೊಂಡು, ಶಾಸಕರ ಮನೆಯ ಗೇಟಿನ ಮುಂದೆ ಮೂರು ದಿನ ಬೆಳಿಗ್ಗೆ ನಿಂತಳು. ಮೂರನೆಯ ದಿನ ಅವರು ಹೊರಗೆ ಬಂದು ಅವಳ ಹೊಟ್ಟೆ ನೋಡಿ, "ಇಂಗ್ಯಾಕವ್ವಾ ನಿಂತ್ಕಂಡಿದೀಯ? ಓಗು, ಮನೇಲಿ ಮಲಕ್ಕೋ. ಅಸೆಂಬ್ಲೀಲೇ ಕೇಳ್ಬುಡ್ತೀನಿ" ಅಂದರು. ಒಳ್ಳೆಯ ಮನುಷ್ಯ, ಮಾತಿಗೆ ತಪ್ಪಲಿಲ್ಲ. ಕೆಲವು ವಾರದ ಮೇಲೆ ಅವರ ಕಡೆಯವರೊಬ್ಬರು ಉತ್ತರದ ಪ್ರತಿ ತಂದುಕೊಟ್ಟರು. ಅಮ್ಮ ಕೈ ಒರೆಸಿಕೊಂಡು ಬಂದು, "ನಿಧಾನವಾಗಿ ಓದೇ" ಅಂದಳು. ನಾನು ಓದಿದೆ.

(ಅ) ಪೀಣ್ಯದ ಕಾರ್ಮಿಕರ ಬಡಾವಣೆಯಲ್ಲಿ ಛಾವಣಿಯಿಲ್ಲದ ಮನೆಗಳು ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಇಲ್ಲ. ನಿಯಮದ ಪ್ರಕಾರ ಗೋಡೆ, ಬಾಗಿಲು ಮತ್ತು ಛಾವಣಿ ಇರುವ ಕಟ್ಟಡವೇ ಮನೆ. ಆದ್ದರಿಂದ ಛಾವಣಿಯಿಲ್ಲದ ಮನೆಗಳು ಇರುವುದಿಲ್ಲ. (ಆ) ಬಂದಿದ್ದಲ್ಲಿ, ಕಾರಣವೇನು? ಉದ್ಭವಿಸುವುದಿಲ್ಲ. (ಇ) ಕೊನೆಯ ಕಂತನ್ನು ಯಾವಾಗ ಕೊಡಲಾಗುವುದು? ಉದ್ಭವಿಸುವುದಿಲ್ಲ.

ಅಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ ಕಾಗದವನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಆ ಭಾನುವಾರ ಮಾವ ಮೈಸೂರು ಪಾಕ್ ಹಿಡಿದು ಬಂದರು! ಮುಖವೆಲ್ಲ ಹಲ್ಲು. ಜೋರು ಮಳೆ, ಟಾರ್ಪಾಲಿನ ಹೊಟ್ಟೆ ನೀರು ತುಂಬಿ ಇಳಿಬಿದ್ದಾಗಲೆಲ್ಲ ಅಪ್ಪ ಕೋಲಿನಿಂದ ತಿವಿದು ನೀರು ಚೆಲ್ಲುತ್ತಿದ್ದರು. ಅದರ ಕೆಳಗೇ ಕೂತು ಮಾವ, "ಈ ವಾರ ನನ್ನ ಡ್ರಾಫ್ಟು ಓದಿ ಮಂತ್ರಿಗಳೇ ಭೇಷ್ ಅಂದ್ರಂತೆ ಭಾವ! ಛಾವಣಿ ಇಲ್ದಿದ್ರೆ ಅದು ಮನೇನೇ ಅಲ್ಲ ಅಂತ ಒಂದೇ ಏಟಿಗೆ ಹೊಡೆದೆ. ಸದನದಲ್ಲಿ ಯಾರೂ ಉಸಿರೆತ್ತಲಿಲ್ಲವಂತೆ" ಅಂದರು.

ಅಮ್ಮ ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಅಣ್ಣಾ, ಆ ಪ್ರಶ್ನೆ ನಂದು."

ಮಾವನಿಗೆ ಅರ್ಥವಾಗಲಿಲ್ಲ. ಅಮ್ಮ ಸೆರಗಿನ ಗಂಟು ಬಿಚ್ಚಿ ಕಾಗದವನ್ನು ಅವರ ತಟ್ಟೆಯ ಪಕ್ಕ ಇಟ್ಟಳು. ನೀವು ನಂಬುತ್ತೀರೋ ಇಲ್ಲವೋ, ಎಷ್ಟೋ ಭಾನುವಾರ ಅದೇ ಟಾರ್ಪಾಲಿನ ಕೆಳಗೆ ಉಂಡ ಮನುಷ್ಯ ಅವತ್ತು ಮೊದಲ ಸಲ ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ, "ಫೈಲಲ್ಲಿ ನಿನ್ನ ಹೆಸರಿರ್ಲಿಲ್ಲ ಕಣೇ" ಅಂದರು.

"ಇದ್ದಿದ್ರೆ ಏನ್ ಬರೀತಿದ್ದೆ?" ಅಂದಳು ಅಮ್ಮ.

ಅವರು ತಟ್ಟೆಯಲ್ಲೇ ಕೈ ತೊಳೆದು ಮಳೆಯಲ್ಲಿ ಎದ್ದು ಹೋದರು.

ಮಾರನೆಯ ದಿನವೇ ಮಾವ ಕಂತು ಬಿಡುಗಡೆಯ ಸೆಕ್ಷನ್ನಿಗೆ ಹೋದರಂತೆ. ಇನ್ನೊಬ್ಬರ ಮೇಜಿನ ಮುಂದೆ ಅವರು ಕೈಮುಗಿದು ನಿಂತದ್ದು ಅದೇ ಮೊದಲು. ಅಲ್ಲಿನ ಗುಮಾಸ್ತ ಫೈಲು ತೆಗೆದು, ಮಾವನದೇ ಉತ್ತರ ತೋರಿಸಿ, "ಅಂಥ ಮನೆಗಳೇ ಇಲ್ಲ ಅಂತ ಸದನಕ್ಕೆ ಹೇಳಿಯಾಗಿದೆಯಲ್ಲ ಸಾರ್! ಈಗ ಕಂತು ಬಿಟ್ರೆ ಸದನಕ್ಕೆ ಸುಳ್ಳು ಹೇಳಿದಂಗಾಗಲ್ವಾ? ಎಂಥಾ ಗಟ್ಟಿ ಡ್ರಾಫ್ಟು ಸಾರ್, ಅಲ್ಲಾಡ್ಸೋಕಾಗಲ್ಲ" ಅಂದನಂತೆ. ಮಾವ ದಿನಾ ಹೋದರು. ಮೇಲಿನವರ ಕಾಲು ಹಿಡಿದರು. ಅವರ ಉತ್ತರ ಮಾತ್ರ ಅಲ್ಲಾಡಲಿಲ್ಲ.

ಹೆರಿಗೆ ಆಸ್ಪತ್ರೆಯಲ್ಲಾಯಿತು. ಗಂಡು ಮಗು, ಕೆಂಪಗೆ, ಮುಷ್ಟಿ ಬಿಗಿದುಕೊಂಡೇ ಇರುತ್ತಿತ್ತು. ನಾಲ್ಕನೆಯ ದಿನ ಮನೆಗೆ ತಂದೆವು. ಮಳೆ ಹಿಡಿದುಕೊಂಡಿತ್ತು, ಹಾಕಿದ ಬಟ್ಟೆ ಒಣಗುತ್ತಿರಲಿಲ್ಲ, ಮಲಗಿಸಲು ನಾಲ್ಕು ಮೊಳ ಒಣನೆಲ ಇರಲಿಲ್ಲ. ಮಗುವಿಗೆ ಎದೆ ಕಟ್ಟಿತು. ಹೆಸರಿಡುವುದಕ್ಕೂ ಮೊದಲು, ಒಂಬತ್ತನೆಯ ದಿನ ಹೋಯಿತು.

ಸ್ಮಶಾನಕ್ಕೆ ಹೆಣ್ಣುಮಕ್ಕಳು ಬರಬಾರದು ಅಂದರು. ನಾನು ಹಿಂದೆಯೇ ಹೋಗಿ ಬೇಲಿಯ ಹತ್ತಿರ ನಿಂತೆ. ಮಾವನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಸುರಿಯುವ ಮಳೆಯಲ್ಲೇ ಅಪ್ಪ ಗುಂಡಿ ಮುಚ್ಚಿದರು. ಬಂದಿದ್ದ ನಾಲ್ಕು ಜನ ಹೊರಟರು. ಅಪ್ಪ ತಿರುಗಿ ನೋಡಿ, "ಬನ್ನಿ ಭಾವ, ಎಲ್ಲಾ ಮುಗೀತು" ಅಂದರು.

ಮಾವ ಕದಲಲಿಲ್ಲ. ತಮ್ಮ ಕೊಡೆಯನ್ನು ಮುಂದಕ್ಕೆ ಚಾಚಿ ಆ ಮೊಳದುದ್ದದ ಮಣ್ಣಿನ ಮೇಲೆ ಹಿಡಿದುಕೊಂಡಿದ್ದರು. ಅವರ ತಲೆಯಿಂದ, ಕನ್ನಡಕದಿಂದ, ಆಫೀಸಿನ ಅಂಗಿಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ನೀವು ನಡೀರಿ ಭಾವ," ಅಂದರು. "ಮಳೆ ನಿಲ್ಲೋವರೆಗೂ ಇರ್ತೀನಿ."