ನಮ್ಮ ಭಾವನ ನಿಲ್ಲದ ಚಕ್ರ

ನಮ್ಮ ಭಾವ ಬದುಕಿರುವವರೆಗೆ ಈ ಲೋಕಕ್ಕೆ ಕರೆಂಟಿನ ಚಿಂತೆಯಿಲ್ಲ. ಅವರ ಮನೆಯೊಂದನ್ನು ಬಿಟ್ಟು!

ಭಾವ ಎಂದರೆ ನಮ್ಮಕ್ಕನ ಗಂಡ. ಹೆಮ್ಮಿಗೆಯ ಅವರ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಒಂದು ಮಿಷನ್ನಿದೆ. ಮೋಟಾರು ಒಂದು ಭಾರದ ಚಕ್ರ ತಿರುಗಿಸುತ್ತದೆ, ಚಕ್ರ ಡೈನಮೋ ತಿರುಗಿಸುತ್ತದೆ, ಡೈನಮೋದ ಕರೆಂಟು ಮತ್ತೆ ಮೋಟಾರಿಗೇ ಹೋಗುತ್ತದೆ. ಮಿಕ್ಕಿದ್ದು ಮನೆಗೆ! ನಾನು ಏಳನೇ ಕ್ಲಾಸಿಗೆ ಪುಸ್ತಕ ಎಸೆದು ಮೋಟಾರ್ ವೈಂಡಿಂಗ್ ಕಲಿತವನು. ನರಸೀಪುರದ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೇ ಅಂಗಡಿಯಿದೆ. ನಾನು ಸುತ್ತಿದ ಮೋಟಾರು ಸುಟ್ಟು ವಾಪಸ್ ಬಂದದ್ದುಂಟೇ? ಯಾರನ್ನಾದರೂ ಕೇಳಿ ನೋಡಿ! ಅಂಥವನ ಮುಂದೆ ಭಾವನ ಪಾಠ.

"ಒಂದು ಆಕುದ್ರೆ ಮೂರು ಬತ್ತದೆ ಕಣಯ್ಯಾ."

"ಮಿಕ್ಕಿದ್ದೆರಡು ಎಲ್ಲಿಂದ ಬತ್ತದೆ ಭಾವ?"

"ಚಕ್ರದಿಂದ."

"ಚಕ್ರಕ್ಕೆ?"

"ಅದ ಎಂಟ್ನೇ ಕ್ಲಾಸ್ನಲ್ಲಿ ಯೋಳ್ಕೊಡ್ತಾರೆ. ನೀ ಏಳಕ್ಕೇ ಬುಟ್‌ಬುಟ್ಟೆ!"

ಭಾವ ಎಂಟು ಓದಿದವರು. ಎರಡು ಸಲ!

ಬರೀ ನಗುವ ವಿಷಯವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅಕ್ಕನಿಗೆ ಉಬ್ಬಸ. ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಬಾಗಿಲ ಚೌಕಟ್ಟು ಹಿಡಿದುಕೊಂಡು ಗಾಳಿ ಹುಡುಕುತ್ತಾಳೆ. ಯುಪಿಎಸ್ ತರೋಣವೆಂದರೆ ಭಾವನದು ಒಂದೇ ಮಾತು: "ಬ್ಯಾಟ್ರಿ ಸಾಯ್ತದೆ. ನಿಮ್ಮಕ್ಕನ ಉಸ್ರ ಸಾಯೋ ವಸ್ತುಗೆ ಕಟ್ಟಾಕ್ಲಾ?" ಇದಕ್ಕೆ ಯಾವ ಎಂಜಿನಿಯರ್ ಉತ್ತರ ಕೊಡಬಲ್ಲ?

ಗೌರಿ ಹಬ್ಬಕ್ಕೆ ತವರಿನ ಬಾಗಿನದ ಜೊತೆ ಸೀರೆಯ ಬದಲು ಚಾರ್ಜಿಂಗ್ ಫ್ಯಾನು ಕೊಟ್ಟೆ. ಅರಿಸಿನ ಕುಂಕುಮ ಹಚ್ಚಿಯೇ ಕೊಟ್ಟೆ! ಮುಂದಿನ ಸಲ ಹೋದರೆ ಅದರ ರೆಕ್ಕೆ ಮಾತ್ರ ಮೊಳೆಯಲ್ಲಿ ನೇತಾಡುತ್ತಿತ್ತು.

"ಒಳಗಿದ್ದ ಮ್ಯಾಗ್ನೆಟ್ಟು ಎಲ್ಲಿ ಭಾವ?"

"ಚಕ್ರಕ್ಕೆ ಆಕಿವ್ನಿ. ತವರಿನ ಉಡುಗೊರೆ, ವೇಸ್ಟ್ ಮಾಡಕಾದದ?"

ಆಯುಧಪೂಜೆಗೆ ಊರನ್ನೇ ಕರೆದರು. ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಲೈನಿನ ಕರೆಂಟಿನಿಂದ ಸ್ಪೀಡು ಬರಿಸಿ, ಆಮೇಲೆ ವೈರು ಕಿತ್ತರು. ಬಲ್ಬು ಉರಿಯುತ್ತಲೇ ಇತ್ತು! ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವ ಮೊದಲೇ ಬಲ್ಬು ಕೆಂಪಗಾಗಿ ಆರಿತು.

ಪಕ್ಕದ ಮನೆಯ ಮುದುಕರೊಬ್ಬರು ನಿಟ್ಟುಸಿರಿಟ್ಟರು: "ನಮ್ಮಪ್ಪನೂ ಇಂಗೇ ಕಣ್ಲಾ. ಒಂದ್ಸಲಿ ಕಣ್ಬುಟ್ಟು ಎಲ್ರನ್ನೂ ನೋಡ್ದ, ಒಂಟೋದ."

"ಬೇರಿಂಗು ಬಿಗಿ, ಅಷ್ಟೇಯ" ಎಂದರು ಭಾವ.

ಎಷ್ಟು ಬೇರಿಂಗು ಬದಲಾದವೋ! ಬೇಸಿಗೆ ಬಂತು. ಲೈನ್ ಕೆಲಸವೆಂದು ಸುಡುವ ಮಧ್ಯಾಹ್ನಗಳಲ್ಲೇ ಕರೆಂಟು ತೆಗೆಯತೊಡಗಿದರು. ಫೋನಿನಲ್ಲಿ ಅಕ್ಕನ ಮಾತು ಅರ್ಧಕ್ಕೇ ನಿಂತು ಬರೀ ಉಸಿರು ಕೇಳಿಸುವುದು. ಅಂಗಡಿಯಲ್ಲಿ ನನಗೆ ಕೈಯೇ ಓಡದು. ಭಾವನಿಗೆ ಬುದ್ಧಿ ಹೇಳಿ ಹೇಳಿ ನನ್ನ ನಾಲಿಗೆಯೂ ಸವೆದಿತ್ತು. ಕೊನೆಗೊಂದು ದಿನ ಅವರನ್ನು ಕೇಳದೆಯೇ ಯುಪಿಎಸ್ಸನ್ನು ಆಟೋಗೆ ಹಾಕಿಕೊಂಡು ಹೊರಟೆ.

ಊರಲ್ಲಿ ಕರೆಂಟಿರಲಿಲ್ಲ. ಆದರೆ ಅಕ್ಕನ ಮಂಚದ ಪಕ್ಕ, ಬಸ್ ಡ್ರೈವರುಗಳ ಮುಂದಿರುತ್ತದಲ್ಲ ಅಂಥ ಪುಟ್ಟ ಫ್ಯಾನು ತಿರುಗುತ್ತಿದೆ! ಕೊಟ್ಟಿಗೆಯಿಂದ ಚಕ್ರದ ಸದ್ದು! ಹಾಗಾದರೆ ನಾನು ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳೇ?

ಓಡಿಹೋಗಿ ನೋಡಿದೆ. ಮೋಟಾರು ಮೂಲೆಗೆ ಬಿದ್ದಿತ್ತು. ಅದರ ಜಾಗದಲ್ಲಿ ಒಂದು ಹಳೇ ಸೈಕಲ್ಲು. ಅದರ ಮೇಲೆ ಕೂತು ಭಾವ, ಬನೀನು ತೊಯ್ದು ಮೈಗಂಟಿಕೊಂಡಿದ್ದರೂ ಬಿಡದೆ ತುಳಿಯುತ್ತಿದ್ದಾರೆ. ನನ್ನನ್ನು ಕಂಡು ತುಟಿಗೆ ಬೆರಳಿಟ್ಟರು.

"ಆಗ್ನಿಲ್ಲ ಕಣಯ್ಯಾ" ಎಂದರು ಮೆಲ್ಲಗೆ. "ನಿಮ್ಮಕ್ಕಂಗೆ ಯೋಳ್ಬ್ಯಾಡ. ಮಿಷನ್ ಗೆದ್ದದೆ ಅನ್ಕಂಡು ನೆಮ್ದಿಯಾಗವ್ಳೆ."

ಒಳಗೆ ಬಂದೆ. ಅಕ್ಕ ಅಡುಗೆಮನೆಯತ್ತ ಕೈ ತೋರಿಸಿದಳು.

"ಮಜ್ಜಿಗೆ ಅದೆ, ನಿಮ್ ಭಾವಂಗೆ ತಕೊಂಡೋಗಿ ಕೊಡು. ಕಾಲು ಸೋತಿರ್ತವೆ." ಉಸಿರು ಎಳೆದುಕೊಂಡು ಸೇರಿಸಿದಳು: "ನಾ ಕಳಿಸ್ದೆ ಅನ್ಬ್ಯಾಡ ಕಣೋ."

ಯುಪಿಎಸ್ಸು ಇನ್ನೂ ಆಟೋದಲ್ಲೇ ಇತ್ತು. ಭಾವನ ಕೈಗೆ ಚೊಂಬು ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ನಾನು ತುಳಿದೆ. ಅವರು ಇಳಿದು ನಾನು ಹತ್ತುವಷ್ಟು ಹೊತ್ತು ಮಾತ್ರ ಆ ಚಕ್ರ, ದೇವರಾಣೆ, ತಾನಾಗಿಯೇ ತಿರುಗಿತು.