ನಮ್ಮ ಮನೆದೇವರು ಒಪ್ಪಿಕೊಳ್ಳದ ಕೂದಲಿನ ವಿಚಾರವಾಗಿ

ದಾವಣಗೆರೆ ಎಂ.ಸಿ.ಸಿ. 'ಬಿ' ಬ್ಲಾಕಿನ ನಿತ್ಯಕೇಶ ಸ್ಕಾಲ್ಪ್ ಸ್ಟುಡಿಯೋದ ಮಾಲೀಕರ ಸನ್ನಿಧಿಗೆ,

ಮಾನ್ಯರೇ,

ನಿಟ್ಟುವಳ್ಳಿಯ ಕಾಯಂ ನಿವಾಸಿಯೂ, ಕರೂರು ಕೈಗಾರಿಕಾ ಪ್ರದೇಶದ ಪೈಪು ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವವನೂ, ಮೂವತ್ತಾರು ವರ್ಷದ ಅವಿವಾಹಿತನೂ, ತಮ್ಮ ಕೈಚಳಕವನ್ನು ಹಗಲಿರುಳು ತಲೆಯ ಮೇಲೆ ಹೊತ್ತು ತಿರುಗುತ್ತಿರುವವನೂ ಆದ ಕೊಟ್ರೇಶನು ಮಾಡುವ ಅನಂತಾನಂತ ನಮಸ್ಕಾರಗಳು. ತಾವೂ, ತಮ್ಮ ಸೂಜಿಗಳೂ, ಶಾಯಿಯ ಸೀಸೆಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇತ್ತ ನನ್ನ ತಲೆ ಪರಮ ಕ್ಷೇಮ. ತಲೆಯಿಂದ ಕೆಳಗಿನ ಮನುಷ್ಯನ ಸ್ಥಿತಿಗತಿಯನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ದೂರು ಬರೆಯುವುದು ನನಗೆ ಹೊಸದಲ್ಲ, ಅದು ನನ್ನ ಹೊಟ್ಟೆಪಾಡು. ನಮ್ಮ ಕಾರ್ಖಾನೆಯ ಪ್ರತಿಯೊಂದು ಪೈಪಿನ ಮೇಲೂ ತಯಾರಾದ ತಾರೀಖು, ಅಳತೆ, ಕಂಪನಿಯ ಹೆಸರುಗಳನ್ನು ಶಾಯಿಯಲ್ಲಿ ಅಚ್ಚು ಹಾಕುತ್ತೇವೆ; ಆ ಅಚ್ಚು ಪೈಪು ಲಾರಿ ಹತ್ತುವ ಮೊದಲೇ ಹಮಾಲರ ಅಂಗೈಗೆ ಬಂದುಬಿಡುತ್ತದೆ; ಆಗ ನಾನು ಶಾಯಿ ಪೂರೈಸುವವರಿಗೆ 'ತಮ್ಮ ಶಾಯಿ ನಿಲ್ಲುತ್ತಿಲ್ಲ' ಎಂದು ಖಾರವಾಗಿ ಕಾಗದ ಬರೆಯುತ್ತೇನೆ. ಹನ್ನೆರಡು ವರ್ಷದ ಸೇವೆಯಲ್ಲಿ 'ತಮ್ಮ ಶಾಯಿ ಹೋಗುತ್ತಿಲ್ಲ' ಎಂದು ಬರೆಯುತ್ತಿರುವುದು ಇದೇ ಮೊದಲು. ಈ ಗೌರವ ತಮ್ಮ ಸಂಸ್ಥೆಗೆ ಸಲ್ಲಬೇಕು.

ಮೊದಲಿಗೆ ತಮ್ಮನ್ನು ಹೊಗಳಿಬಿಡುತ್ತೇನೆ, ಆಮೇಲೆ ಅವಕಾಶ ಸಿಗಲಾರದು. ನನ್ನ ತಲೆ ಇಪ್ಪತ್ತೆಂಟಕ್ಕೆ ಉದುರಲು ಶುರುವಾಗಿ ಮೂವತ್ತಕ್ಕೆ ಕೆಲಸ ಮುಗಿಸಿತ್ತು. ಕಿವಿಯ ಮೇಲೆ ಎರಡು ಕಡೆ, ಹಿಂದೆ ಒಂದಿಷ್ಟು, ಅಷ್ಟೇ ಆಸ್ತಿ. ಈ ತಲೆಯನ್ನು ಇಟ್ಟುಕೊಂಡು ನಾನು ಹನ್ನೊಂದು ಮನೆಗಳಿಗೆ ಹೆಣ್ಣು ನೋಡಲು ಹೋಗಿ ಹನ್ನೊಂದು ಬಗೆಯ ಉಪ್ಪಿಟ್ಟು ತಿಂದು ಬಂದಿದ್ದೇನೆ. ಏಳನೆಯ ಮನೆಯಲ್ಲಿ ಹುಡುಗಿಯ ಅಜ್ಜಿ ನನ್ನನ್ನು ಹಿರಿಯರ ಸಾಲಿನಲ್ಲಿ ಕೂರಿಸಿ, ನೀರು ಕೊಟ್ಟು, "ಹುಡುಗನ ಅಪ್ಪಾರು ಬಂದ್ರು, ಹುಡುಗ ಯಾವಾಗ ಬರ್ತಾನ್ರಿ?" ಎಂದು ಕೇಳಿದ್ದರು. ಹಾಗೆ ಕೇಳಿಸಿಕೊಂಡವನಿಗೆ 'ಬೋಳು ತಲೆಗೆ ಕೂದಲು' ಎಂಬ ತಮ್ಮ ಬೋರ್ಡು ಕಂಡರೆ ಹೇಗಾಗಬೇಕು, ತಾವೇ ಹೇಳಿ. ಗಾಡಿ ನಿಲ್ಲಿಸಿ ಒಳಗೆ ಬಂದುಬಿಟ್ಟೆ.

ತಮ್ಮಲ್ಲಿ ಕೆಲಸ ಮಾಡುವ ಮಹೀನ್ ಅವರ ಬಗ್ಗೆ ನನ್ನದು ಒಂದೇ ಒಂದು ತಕರಾರಿಲ್ಲ. "ಕಣ್ಮುಚ್ಚಿ ಕೂಡ್ರಿ ಸರ್, ಇರುವೆ ಕಚ್ಚಿದಂಗೆ ಆಗತೈತೆ ಅಷ್ಟೇ" ಎಂದು ಹೇಳಿ, ಮೂರು ಸಲ ಕರೆಸಿ, ಒಂದೊಂದು ಸಲ ಮೂರು ಮೂರು ಗಂಟೆ ಇರುವೆ ಕಚ್ಚಿಸಿದರು. ಬೋಳಿದ್ದ ಜಾಗದಲ್ಲೆಲ್ಲಾ ಸೂಜಿಯಲ್ಲಿ ಚುಚ್ಚಿದ ಸಾವಿರಾರು ಶಾಯಿಯ ಚುಕ್ಕೆ, ಒಂದೊಂದು ಚುಕ್ಕೆಯೂ ಈಗ ತಾನೇ ಮಿಷಿನ್ ಹೊಡೆಸಿಕೊಂಡ ಕೂದಲಿನ ಬುಡದಂತೆ. ಉಳಿದಿದ್ದ ಅಸಲಿ ಕೂದಲನ್ನೂ ಅದರ ಮಟ್ಟಕ್ಕೆ ಕತ್ತರಿಸಿದ ಮೇಲೆ ಕನ್ನಡಿಯಲ್ಲಿ ಕಂಡವನು ಪೊಲೀಸ್ ಇಲಾಖೆಗೆ ಈಗಷ್ಟೇ ಸೇರಿದವನ ಹಾಗಿದ್ದ. ಕಾರ್ಖಾನೆಯಲ್ಲಿ ಯಾವ ಸಲೂನು ಎಂದು ಕೇಳಿದರು. ನಾನು ಗುಟ್ಟು ಬಿಡಲಿಲ್ಲ.

ಈಗ ದೂರಿಗೆ ಬರುತ್ತೇನೆ. ಕೆಲಸಕ್ಕೆ ಮೊದಲು ತಾವು ಒಂದು ಫಾರ್ಮು ತುಂಬಿಸಿಕೊಂಡಿರಿ. ಅದರಲ್ಲಿ ಹದಿನಾಲ್ಕು ಪ್ರಶ್ನೆಗಳು. ಶುಗರ್ ಇದೆಯೇ, ಬಿ.ಪಿ. ಇದೆಯೇ, ಅಲರ್ಜಿ ಇದೆಯೇ, ಗಾಯ ಬೇಗ ಮಾಯುತ್ತದೆಯೇ ಎಂದು ವಂಶದ ರೋಗಗಳನ್ನೆಲ್ಲಾ ವಿಚಾರಿಸಿದ ತಾವು, 'ತಮ್ಮ ತಾಯಿಯವರು ತಮ್ಮ ತಲೆಯ ಮೇಲೆ ಯಾವುದಾದರೂ ಹರಕೆ ಹೊತ್ತಿದ್ದಾರೆಯೇ?' ಎಂಬ ಒಂದೇ ಒಂದು ಪ್ರಶ್ನೆಯನ್ನು ಬಿಟ್ಟುಬಿಟ್ಟಿರಿ. ಮಧ್ಯ ಕರ್ನಾಟಕದಲ್ಲಿ ತಲೆಯ ವ್ಯಾಪಾರ ಮಾಡುವವರು ಮಾಡಬಾರದ ತಪ್ಪು ಇದು.

ನನ್ನ ತಾಯಿ ಶಕುಂತಲಮ್ಮನವರಿಗೆ ನಾನು ಶಾಯಿಯ ಮಾತು ಎತ್ತಲಿಲ್ಲ. ಯಾವುದೋ ಎಣ್ಣೆ ಹಚ್ಚಿದೆ, ಕೂದಲು ಬಂತು ಎಂದೆ. ಅವರು ಒಲೆ ಆರಿಸಿದರು, ಕೈ ತೊಳೆದುಕೊಂಡರು, ದೇವರ ಗೂಡಿನ ಮುಂದೆ ನಿಂತು ಕಣ್ಣೀರು ಹಾಕಿದರು. ಆಗ ನನಗೆ ಗೊತ್ತಾದ ವಿಷಯವೇನೆಂದರೆ, ಆರು ವರ್ಷಗಳಿಂದ ಅವರು ಪ್ರತಿ ಸೋಮವಾರ ಒಪ್ಪತ್ತು ಮಾಡುತ್ತಾ, "ನನ್ನ ಮಗನ ತಲೆಮ್ಯಾಲೆ ಕೂದ್ಲು ಬರ್ಲಿ, ಬಂದ ಮೊದ್ಲನೇ ಕೂದ್ಲು ನಿಂಗೇ ಮುಡಿ ಕೊಡಿಸ್ತೀನಿ" ಎಂದು ಹರಿಹರದ ಹೊಳೆದಂಡೆಯಲ್ಲಿರುವ ನಮ್ಮ ಮನೆದೇವರಿಗೆ ಬೇಡಿಕೊಂಡಿದ್ದರು. ದೇವರು ಮಾಡಿದ ಕೆಲಸವೆಂದು ಅವರು ನಂಬಿದ್ದು ತಮ್ಮ ಬಿ ಬ್ಲಾಕಿನ ಕೆಲಸವಾಗಿತ್ತು. ಆ ಕ್ಷಣ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.

ಯಾಕೆಂದರೆ ಅದೇ ವಾರ ಹನ್ನೆರಡನೆಯ ಮನೆ ಬಂದಿತ್ತು. ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬಸವಪ್ರಭು ಅವರ ಮಗಳು ರಶ್ಮಿತಾ, ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಾತಾಡಿಕೊಳ್ಳಿ ಎಂದು ಹಿರಿಯರು ನಮ್ಮಿಬ್ಬರನ್ನು ಪಡಸಾಲೆಯಲ್ಲಿ ಬಿಟ್ಟುಹೋದಾಗ ಅವರು ಕೇಳಿದ್ದು ಸಂಬಳವನ್ನಲ್ಲ, ಮನೆಯನ್ನಲ್ಲ. "ನಮ್ಮಪ್ಪನ ಅಂಗಡ್ಯಾಗೆ ನಿಮ್ಮ ಪೈಪು ಐತ್ರಿ. ಖರೇನ ಬಾಳಿಕೆ ಬರ್ತಾವಾ, ಇಲ್ಲ ಮ್ಯಾಲೆ ಬರೀ ಅಚ್ಚು ಹಾಕಿ ಕಳಿಸ್ತೀರಾ?" ಎಂದರು. ನಾನು ಎಷ್ಟೋ ವರ್ಷದ ಮೇಲೆ ಜೋರಾಗಿ ನಕ್ಕೆ. ಮನೆಗೆ ಬರುವಷ್ಟರಲ್ಲಿ ಇವರನ್ನೇ ಮದುವೆಯಾಗಬೇಕೆಂದು ತೀರ್ಮಾನ ಮಾಡಿದ್ದೆ. ಅವರ ಕಡೆಯಿಂದಲೂ ಒಪ್ಪಿಗೆ ಬಂತು, ನಿಶ್ಚಯವಾಯಿತು, ಮುಹೂರ್ತ ಗೊತ್ತಾಯಿತು. ಕೂಡಲೇ ನನ್ನ ತಾಯಿ, ಹರಕೆ ಬಾಕಿ ಇಟ್ಟುಕೊಂಡು ಹಸೆಮಣೆ ಏರಬಾರದು, ಮೊದಲು ಮುಡಿ ಎಂದರು. ಮದುವೆಯಾದ ಮೇಲೆ ಕೊಡೋಣ ಎಂದೆ, ಹೆಂಗಸರು ಕೊಡುವ ಹಾಗೆ ಮೂರು ಕತ್ತರಿ ಕೂದಲು ಕೊಟ್ಟರೆ ಸಾಲದೇ ಎಂದೆ. ದೇವರ ಹತ್ತಿರ ಚೌಕಾಶಿ ಮಾಡುವ ಮಗನನ್ನು ಹೆತ್ತೆನಲ್ಲಾ ಎಂದು ಅವರು ಊಟ ಬಿಟ್ಟರು.

ಹೀಗಾಗಿ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಹರಿಹರದ ಹೊಳೆಯ ಮೆಟ್ಟಿಲ ಮೇಲೆ, ಟವೆಲು ಹೊದ್ದು, ಅಜ್ಜಪ್ಪನೆಂಬ ಹಿರಿಯ ಕ್ಷೌರಿಕನ ಮುಂದೆ ತಲೆ ಬಗ್ಗಿಸಿ ಕೂತಿದ್ದೆ. ಹಿಂದೆ ನನ್ನ ತಾಯಿ, ಅವರ ಅಕ್ಕ ಮರಿಯವ್ವ ದೊಡ್ಡಮ್ಮ, ಊರವರಾದ್ದರಿಂದ ಬರಲೇಬೇಕಾಗಿದ್ದ ಬಸವಪ್ರಭು ಅವರು, ಅವರ ಪಕ್ಕದಲ್ಲಿ ಶಾಲೆಗೆ ರಜೆ ಹಾಕಿ ಬಂದಿದ್ದ ರಶ್ಮಿತಾ. ಅಜ್ಜಪ್ಪ ಎರಡು ಕಿವಿಯ ಮೇಲಿನದನ್ನೂ ಹಿಂಬದಿಯದನ್ನೂ ನಾಲ್ಕು ಎಳೆತಕ್ಕೆ ತೆಗೆದ. ಅಲ್ಲೆಲ್ಲಾ ಬೆಳ್ಳಗಾಯಿತು. ಆಮೇಲೆ ನೆತ್ತಿಗೆ ಬಂದ. ಎಳೆದ, ನೀರು ಹಚ್ಚಿದ, ಎಳೆದ, ಬ್ಲೇಡು ಬದಲಾಯಿಸಿದ, ಮತ್ತೆ ಎಳೆದ. ಮಾನ್ಯರೇ, ಆಗ ನನ್ನ ತಲೆಯ ದರ್ಶನ ಮಾಡಲು ತಾವು ಅಲ್ಲಿರಬೇಕಾಗಿತ್ತು. ಕೂದಲಿದ್ದ ಕಡೆಯೆಲ್ಲಾ ಬೋಳಾಗಿತ್ತು, ಬೋಳಿದ್ದ ಕಡೆ ಮಾತ್ರ ಕೂದಲು ಉಳಿದಿತ್ತು.

"ಮೂರು ಬ್ಲೇಡ್ ಆತ್ರಿ ತಾಯಿ," ಎಂದ ಅಜ್ಜಪ್ಪ, ಹೆಬ್ಬೆರಳಿನಿಂದ ನೆತ್ತಿ ತಿಕ್ಕುತ್ತಾ. "ನಲವತ್ತು ವರ್ಷದಾಗ ಇಂಥ ತಲೆ ನೋಡಿಲ್ಲ. ಕೈಗೆ ನುಣ್ಣಗೈತೆ, ಕಣ್ಣಿಗೆ ಕರ್ರಗೈತೆ."

ನನ್ನ ತಾಯಿ ಹಣ್ಣುಕಾಯಿಯ ಬುಟ್ಟಿಯನ್ನು ಕೆಳಗಿಟ್ಟರು. ದೇವರು ಮುಡಿ ಒಲ್ಲೆ ಅನ್ನುತ್ತಿದ್ದಾನೆ ಎಂದರು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು ಕೆಲಸ ಬಿಟ್ಟು ಬಂದು, ಬೋಳಿಸಿದ ಕೂಡಲೇ ಬೆಳೆಯುವ ಕೂದಲನ್ನು ನೋಡಲು ಸುತ್ತ ನಿಂತರು, ಇಬ್ಬರು ಕೈಯನ್ನೂ ಮುಗಿದರು. ಅಷ್ಟರಲ್ಲಿ ಮರಿಯವ್ವ ದೊಡ್ಡಮ್ಮ, ಎಲ್ಲರಿಗೂ ಕೇಳುವ ಹಾಗೆ, "ಕೂದ್ಲು ಬಂದಾಗ ದೇವ್ರು ಚೊಲೊ ಇದ್ದ. ಈ ಸಂಬಂಧ ಗೊತ್ತಾದ ಮ್ಯಾಲೆ ಮುನಿಸ್ಕಂಡಾನ. ಹುಡುಗಿ ಕಾಲ್ಗುಣ ನೋಡ್ಬೇಕಿತ್ತು" ಎಂದರು.

ಎಲ್ಲರೂ ರಶ್ಮಿತಾ ಅವರ ಕಡೆ ತಿರುಗಿದರು. ಬಸವಪ್ರಭು ಅವರ ಮುಖ ಇಳಿದುಹೋಯಿತು. ನನ್ನ ತಾಯಿ ಮದುವೆ ಸದ್ಯಕ್ಕೆ ನಿಲ್ಲಲಿ ಎಂದರು. ಒಂದೇ ಮಾತಿನಲ್ಲಿ ಎಲ್ಲವನ್ನೂ ಸರಿಮಾಡಬಹುದಾಗಿದ್ದ ಮನುಷ್ಯ ಅಲ್ಲಿ ಒಬ್ಬನೇ ಇದ್ದ, ಅವನು ಟವೆಲು ಹೊದ್ದು ಹೊಳೆ ನೋಡುತ್ತಿದ್ದ. ಅಜ್ಜಪ್ಪ ಪಕ್ಕಕ್ಕೆ ಹೋಗಿ ಎರಡು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನಾನು ಸುಮ್ಮನಿದ್ದೆ. ತಮ್ಮ ಶಾಯಿಯನ್ನು ಉಳಿಸಿಕೊಳ್ಳಲು ನಾನು ಮಾಡಿದ ಈ ಸೇವೆಯನ್ನು ತಾವು ಮರೆಯಕೂಡದು.

ಕೊನೆಗೆ ಹೇಳಿದೆ. ಅದು ಕೂದಲಲ್ಲ, ಶಾಯಿ, ಹಚ್ಚೆ ಎಂದೆ. ಮರಿಯವ್ವ ದೊಡ್ಡಮ್ಮ ಸೆರಗು ಸರಿಸಿ, ಮೊಣಕೈವರೆಗೆ ಹಸಿರಾಗಿದ್ದ ತಮ್ಮ ತೋಳನ್ನು ನನ್ನ ಮೂಗಿನ ಮುಂದೆ ಹಿಡಿದು, "ಹಚ್ಚೆ ಹಾಕಿಸ್ಕಂಡ್ರೆ ನಾವು ಊರಿಗೆಲ್ಲಾ ತೋರಿಸ್ಕಂಡು ಬರ್ತಿದ್ವಿ. ನೀನ್ಯಾಕಲೇ ಕಳ್ಳತನದಾಗ ಹಾಕಿಸ್ಕಂಡಿ?" ಎಂದು ಬೈದರು. ಹುಡುಗಿಗೆ ಅಂದ ಮಾತನ್ನು ಮಾತ್ರ ವಾಪಸ್ಸು ತೆಗೆದುಕೊಳ್ಳಲಿಲ್ಲ. ನನ್ನ ತಾಯಿ, "ದೇವ್ರು ಕೊಟ್ಟ ಅಂತ ಓಣಿ ತುಂಬಾ ಸಕ್ಕರೆ ಹಂಚಿ ಬಂದೀನಲ್ಲೋ" ಎಂದಷ್ಟೇ ಹೇಳಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅಜ್ಜಪ್ಪ ಮೆಟ್ಟಿಲ ಮೇಲೆ ಬಿದ್ದಿದ್ದ ಕಿವಿ ಪಕ್ಕದ ಕೂದಲನ್ನು ಬಾಳೆಲೆಯಲ್ಲಿ ಬಳಿದು ತಂದು, "ಇಷ್ಟು ಅಸಲಿ ಐತೆ, ಇದನ್ನ ಕೊಡ್ರಿ ದೇವ್ರಿಗೆ" ಎಂದು ಕೈಗಿಟ್ಟ. ಆ ದಿನ ಅಲ್ಲಿ ಸರಿಯಾಗಿ ನಡೆದುಕೊಂಡವನು ಅವನೊಬ್ಬನೇ.

ರಶ್ಮಿತಾ ಹೋಗುವಾಗ ನನ್ನ ಮುಂದೆ ನಿಂತರು. "ಕೂದ್ಲು ಇಲ್ಲ ಅನ್ನೋದಕ್ಕೆ ನಂಗೇನೂ ಬ್ಯಾಸರ ಇಲ್ರಿ, ನಮ್ಮಪ್ಪಗೂ ಇಲ್ಲ. ನನ್ನ ಕಾಲ್ಗುಣ ಅಂದಾಗ ನಿಮಗೊಬ್ರಿಗೆ ನಿಜ ಗೊತ್ತಿತ್ತು. ಗೊತ್ತಿದ್ದೂ ಕುಂತಿದ್ರಿ," ಎಂದು ಅಪ್ಪನ ಸ್ಕೂಟರು ಹತ್ತಿದರು.

ಮರುದಿನ ತಮ್ಮ ಸ್ಟುಡಿಯೋಗೆ ಫೋನು ಮಾಡಿ ಇದು ಬ್ಲೇಡಿಗೂ ಹೋಗುತ್ತಿಲ್ಲ ಎಂದಾಗ, ಅತ್ತ ಕಡೆಯಿಂದ "ಕಂಗ್ರಾಜುಲೇಶನ್ಸ್ ಸರ್, ಐದು ವರ್ಷ ಗ್ಯಾರಂಟಿ" ಎಂಬ ಉತ್ತರ ಬಂತು. ಆದಕಾರಣ ನನ್ನ ಬೇಡಿಕೆಗಳನ್ನು ನೇರವಾಗಿ ತಮ್ಮ ಪಾದಕ್ಕೇ ಅರ್ಪಿಸುತ್ತಿದ್ದೇನೆ. ಪಕ್ಕದ ಅಸಲಿ ಕೂದಲು ದಿನದಿನಕ್ಕೆ ಬೆಳೆಯುತ್ತಿದ್ದು ನೆತ್ತಿಯದು ಇದ್ದಲ್ಲೇ ಇರುವುದರಿಂದ, ಮಹೀನ್ ಅವರನ್ನು ವಾರಕ್ಕೊಮ್ಮೆ ನಿಟ್ಟುವಳ್ಳಿಗೆ ಕಳಿಸಿ ಚುಕ್ಕೆಗಳನ್ನು ಒಂದೊಂದು ನೂಲಿನಷ್ಟು ಉದ್ದ ಮಾಡಿಸತಕ್ಕದ್ದು. ಯುಗಾದಿಯ ಹೊತ್ತಿಗೆ ಎಡ ಬೈತಲೆ ತೆಗೆಯುವಷ್ಟಾದರೂ ಆಗಿರಬೇಕು. ನನಗೆ ಐವತ್ತು ತುಂಬಿದ ದಿನ ಬಂದು ಹತ್ತಕ್ಕೆ ನಾಲ್ಕು ಚುಕ್ಕೆಯನ್ನು ಬೆಳ್ಳಗೆ ಮಾಡಿಕೊಡಬೇಕು. ನೋಡುವವರಿಗೆ ನಂಬಿಕೆ ಬರಲೆಂದು ಭುಜದ ಮೇಲೆ ಉದುರಿಸಿಕೊಳ್ಳಲು ತಿಂಗಳಿಗೆ ಒಂದು ಪೊಟ್ಟಣ ತಲೆಹೊಟ್ಟನ್ನೂ ಪೂರೈಸಿದರೆ ಉಪಕಾರ. ಇದಾವುದೂ ಆಗದಿದ್ದರೆ ನನ್ನ ಹಳೆಯ ಬೋಳನ್ನು ಇದ್ದ ಸ್ಥಿತಿಯಲ್ಲೇ ವಾಪಸ್ಸು ಮಾಡಿ. ಅದು ಏಳನೆಯ ಮನೆಯ ಅಜ್ಜಿಗೆ ಹಿಡಿಸದಿದ್ದರೂ ಸುಳ್ಳಂತೂ ಹೇಳುತ್ತಿರಲಿಲ್ಲ.

ಇದನ್ನು ಒಂದು ಲಕೋಟೆಯಲ್ಲಿಟ್ಟು ಕಳಿಸದೆ ಬಹಿರಂಗವಾಗಿ ಯಾಕೆ ಬರೆದೆ ಎಂದು ತಾವು ಕೇಳಬಹುದು. ಮೂರು ವಾರ ಬಿಟ್ಟು ನಾನು ಹರಿಹರಕ್ಕೆ ಹೋಗಿ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು, ತಪ್ಪಾಯಿತು ಎಂದು ರಶ್ಮಿತಾ ಅವರಿಗೆ ಹೇಳಿದೆ. "ಆ ಕಾಲ್ಗುಣದ ಮಾತು ಸ್ಟಾಫ್ ರೂಮಿಗೂ ಬಂದೈತ್ರಿ," ಎಂದರು ಅವರು. "ನಮ್ಮ ತಂಗಿಗೂ ವರ ನೋಡ್ತಿದಾರೆ, ಅಲ್ಲೂ ಕೇಳಿದ್ರು. ನನ್ನೊಬ್ಬಾಕಿಗೆ ನೀವು ತಪ್ಪಾತು ಅಂದ್ರೆ ಏನಾತು? ಎಲ್ರೂ ಓದೋ ಹಂಗೆ ಬರೀರಿ, ಹೆಸ್ರು ಹಾಕಿ. ಆಮ್ಯಾಲೆ ನೋಡೋಣ."

ಆದ್ದರಿಂದ ಮಾನ್ಯರೇ, ಈ ಪತ್ರದಲ್ಲಿ ತಾವು ಒಂದು ನೆಪ. ದಾವಣಗೆರೆ ಮತ್ತು ಹರಿಹರದ ಸಮಸ್ತರೂ ಓದಬೇಕಾದ್ದು ಇಷ್ಟು: ಹೊಳೆಯ ಮೆಟ್ಟಿಲ ಮೇಲೆ ಅಂದು ದೇವರು ಯಾರ ಮೇಲೂ ಮುನಿದಿರಲಿಲ್ಲ. ನನ್ನ ತಲೆಯ ಮೇಲಿದ್ದದ್ದು ಶಾಯಿ. ಅದನ್ನು ಹಾಕಿಸಿಕೊಳ್ಳುವಾಗ ರಶ್ಮಿತಾ ಎಂಬುವವರು ಭೂಮಿಯ ಮೇಲಿದ್ದಾರೆಂದೇ ನನಗೆ ತಿಳಿದಿರಲಿಲ್ಲ. ಅವರ ಕಾಲ್ಗುಣದಲ್ಲಿ ಯಾವ ದೋಷವೂ ಇಲ್ಲ. ದೋಷವಿದ್ದದ್ದು ಸಮಯಕ್ಕೆ ತೆರೆಯದ ನನ್ನ ಬಾಯಲ್ಲಿ. ಅವರು ಇದನ್ನು ಓದುತ್ತಾರೆ, ಓದಿ ಏನು ಹೇಳುತ್ತಾರೋ ಗೊತ್ತಿಲ್ಲ. ನನಗೆ ಭಯವಾಗಿದೆ.

ಇಂತು, ಐದು ವರ್ಷದ ಗ್ಯಾರಂಟಿಯಲ್ಲಿ ಇನ್ನೂ ನಾಲ್ಕು ವರ್ಷ ಮೂರು ತಿಂಗಳು ಕಳೆಯಬೇಕಾಗಿರುವ
ತಮ್ಮ ವಿಶ್ವಾಸಿ,
ಕೊಟ್ರೇಶ್, ನಿಟ್ಟುವಳ್ಳಿ

ತಾ.ಕ.: ನನ್ನ ತಾಯಿಯವರು ಹೋದ ಸೋಮವಾರ ಹೊಸ ಹರಕೆ ಹೊತ್ತಿದ್ದಾರೆ. ಈ ಮದುವೆ ಮತ್ತೆ ಕೂಡಿಬಂದರೆ ಈ ಸಲ ನನ್ನ ತಲೆಯನ್ನು ನಂಬುವುದಿಲ್ಲವಂತೆ, ಸ್ಟುಡಿಯೋ ಮಾಲೀಕರಾದ ತಮ್ಮ ಮುಡಿಯನ್ನೇ ಕೊಡಿಸುತ್ತಾರಂತೆ. ಹೊಳೆದಂಡೆಗೆ ಬರಲು ಒಂದು ಸೋಮವಾರ ಬಿಡುವು ಮಾಡಿಕೊಳ್ಳಿ. ಬೋರ್ಡಿನ ಮೇಲಿರುವ ಫೋಟೋದಲ್ಲಿ ತಮ್ಮ ಕೂದಲು ಬಹಳ ಸೊಂಪಾಗಿದೆ. ಅದು ಅಸಲಿ ತಾನೇ?