ರಟ್ಟಿನ ಜಮೀನ್ದಾರರಿಗೆ, ಅವರ ಮನೆಯ ಕೆಲಸದ ಸರದಿಯ ಬಗ್ಗೆ

ವರ್ಜೀನಿಯಾ ಪ್ರಾಂತ್ಯದ ಹೊಗೆಸೊಪ್ಪಿನ ಜಮೀನ್ದಾರರೂ, ಸದ್ಯ ನಗೋಯಾ ಹೊರವಲಯದ ನಮ್ಮ ಅಂತರರಾಷ್ಟ್ರೀಯ ಶಾಲೆಯ ಐದನೆಯ ತರಗತಿಯ ಬಾಗಿಲಲ್ಲಿ ನಿಂತಿರುವವರೂ ಆದ ಶ್ರೀಮಾನ್ ಹಾಲ್‌ಬ್ರೂಕ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಆರಡಿ ಎತ್ತರದ ರಟ್ಟಿನ ಮೇಲೆ ಮುದ್ರಿತರಾಗಿರುವ ತಮಗೆ ತೇವವೊಂದನ್ನು ಬಿಟ್ಟರೆ ಬೇರಾವ ಕಾಯಿಲೆಯೂ ತಗಲುವಂತಿಲ್ಲ. ಜೂನ್ ತಿಂಗಳ ಮಳೆಗೆ ಬಾಗಿದ್ದ ಎಡ ಮೊಣಕಾಲನ್ನೂ ಟೇಪು ಹಚ್ಚಿ ನೆಟ್ಟಗೆ ಮಾಡಿದ್ದೇವೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಇಂಗ್ಲಿಷಿನಲ್ಲಿ ಬರೆದರೆ ತಮಗಿಂತ ಮೊದಲು ನಮ್ಮ ಪ್ರಾಂಶುಪಾಲರು ಓದಿಬಿಡುವ ಅಪಾಯವಿದೆ, ಆ ಗೌರವ ಮೊದಲು ತಮಗೇ ಸಲ್ಲಬೇಕೆಂಬುದು ನನ್ನ ಆಸೆ.

ನಮ್ಮ ಶಾಲೆಯಲ್ಲಿ ಅಮೆರಿಕದ ಪಠ್ಯಕ್ರಮವಿದೆ. ಅಮೆರಿಕದವರು ಮಾತ್ರ ಪ್ರಾಂಶುಪಾಲರೊಬ್ಬರೇ. ನನ್ನ ತರಗತಿಯಲ್ಲಿ ಜಪಾನಿನ, ಬ್ರೆಜಿಲಿನ, ವಿಯೆಟ್ನಾಮಿನ ಮಕ್ಕಳೂ ಕಾರು ಕಾರ್ಖಾನೆಗಳ ನಮ್ಮ ಕನ್ನಡದ ಎಂಜಿನಿಯರುಗಳ ಮಕ್ಕಳೂ ಇದ್ದಾರೆ. ಬ್ರಿಟಿಷರ ವಸಾಹತಾಗಿದ್ದ ಕಾಲದ ಅಮೆರಿಕದಲ್ಲಿ ಜನ ದಿನನಿತ್ಯ ಹೇಗೆ ಬದುಕುತ್ತಿದ್ದರೆಂದು ಇವರಿಗೆ ಕಲಿಸಲು, ಬೋಧನಾ ಸಾಮಗ್ರಿಯ ಒಂದು ಕಂಪನಿ ತಮ್ಮನ್ನು ಪೆಟ್ಟಿಗೆಯಲ್ಲಿ ಮಡಚಿ ಕಳುಹಿಸಿತು. ಜೊತೆಯಲ್ಲಿ ಬೆಣ್ಣೆ ತೆಗೆಯುವ ಡಬ್ಬಿ, ಮೇಣದಬತ್ತಿಯ ದಾರ, ಗರಿಯ ಲೇಖನಿ, ತಮ್ಮ ಕುಟುಂಬದ ಪರಿಚಯದ ಕಾರ್ಡುಗಳು ಹಾಗೂ ಒಂದು ಕೈಪಿಡಿ ಇದ್ದವು. ಶಾಲೆಯೊಳಗೆ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ತಮ್ಮ ದಿವಾನಖಾನೆಯನ್ನು ನೂರು ಯೆನ್ ಅಂಗಡಿಯ ಬ್ಯಾಟರಿ ಮೇಣದಬತ್ತಿಗಳಿಂದಲೇ ಬೆಳಗಿಸಿದೆವು. ಬೂಟನ್ನು ಬಾಗಿಲಲ್ಲೇ ಬಿಚ್ಚಿಡುವ ಈ ದೇಶದಲ್ಲಿ ತಾವು ಬಕಲ್ ಹಾಕಿದ ಬೂಟುಗಳಲ್ಲೇ ತರಗತಿಯೊಳಗೆ ಬಂದು ನಿಂತದ್ದನ್ನು ಕಂಡು ಮಕ್ಕಳು ಗಾಬರಿಯಾದರು. ತಮ್ಮ ಮಾನ ಉಳಿಸಲು ಶಿಯೋರಿ ಎಂಬ ಹುಡುಗಿ ಕಾಗದದ ಒಳಚಪ್ಪಲಿ ಕತ್ತರಿಸಿ ಬೂಟಿನ ಮೇಲೆ ಅಂಟಿಸಿದಳು.

ತಮ್ಮ ದಿನಚರಿಯನ್ನು ಕೈಪಿಡಿಯಲ್ಲಿ ಓದಿ ನಾವು ಧನ್ಯರಾದೆವು. ತಾವು ಏಳುತ್ತೀರಿ, ವಿಗ್ಗಿಗೆ ಪುಡಿ ಹಾಕಿಸಿಕೊಳ್ಳುತ್ತೀರಿ, ಚಹಾ ಕುಡಿಯುತ್ತೀರಿ, ಕುದುರೆಯೇರಿ ಹೊಲ ನೋಡಿ ಬಂದು ಪತ್ರ ಬರೆಯುತ್ತೀರಿ. ಅಷ್ಟರಲ್ಲಿ ಬಾವಿಯ ನೀರು ಮನೆಯೊಳಗೆ ಬಂದಿರುತ್ತದೆ, ಪ್ರತಿ ಕೋಣೆಯ ಒಲೆಗೂ ಸೌದೆ ಒಟ್ಟಿರುತ್ತದೆ, ರಾತ್ರಿ ಮಂಚದ ಕೆಳಗಿಟ್ಟಿದ್ದ ಮೂತ್ರಪಾತ್ರೆ ಖಾಲಿಯಾಗಿ ಹೊಳೆಯುತ್ತಿರುತ್ತದೆ. 'ಮನೆಯವರೆಲ್ಲರೂ ಕೆಲಸ ಹಂಚಿಕೊಳ್ಳುತ್ತಿದ್ದರು' ಎಂಬುದು ಕೈಪಿಡಿಯ ವಿವರಣೆ.

ನನ್ನ ದೂರು ಹುಟ್ಟಿದ್ದು ಈ ವಾಕ್ಯದಿಂದ. ಜಪಾನಿನಲ್ಲಿ ಓದುವ ಮಕ್ಕಳ ಮುಂದೆ ಕೆಲಸ ಹಂಚಿಕೊಳ್ಳುವ ಮಾತನ್ನು ಹಗುರವಾಗಿ ಆಡಬಾರದು, ಮಾನ್ಯರೇ. ಇಲ್ಲಿ ತರಗತಿ ಗುಡಿಸುವುದು, ಒರೆಸುವುದು, ಊಟ ಬಡಿಸುವುದು ಎಲ್ಲವೂ ಮಕ್ಕಳ ಸರದಿಯ ಕೆಲಸ. ಅದಕ್ಕೆ ತೋಬಾನ್ ಎನ್ನುತ್ತಾರೆ. ಗೋಡೆಯ ಮೇಲೆ ರಟ್ಟಿನ ಚಕ್ರವೊಂದಿರುತ್ತದೆ: ಹೊರಸುತ್ತಿನಲ್ಲಿ ಕೆಲಸಗಳು, ಒಳಸುತ್ತಿನಲ್ಲಿ ಹೆಸರುಗಳು. ದಿನಕ್ಕೊಮ್ಮೆ ಒಳಸುತ್ತನ್ನು ಒಂದು ಮನೆ ತಿರುಗಿಸಿದರೆ ಇಂದು ಊಟ ಬಡಿಸಿದವರು ನಾಳೆ ಶೌಚಾಲಯ ತೊಳೆಯುತ್ತಾರೆ. ತಮ್ಮ ಕೈಪಿಡಿಯನ್ನು ನಂಬಿದ ಮಕ್ಕಳು ವರ್ಜೀನಿಯಾದ ತಮ್ಮ ಮನೆಗೂ ಇಂಥ ಚಕ್ರವೊಂದನ್ನು ಮಾಡಿದರು. ರಘುನಂದನ್ ಎಂಬ ಎಂಜಿನಿಯರರ ಮಗಳು ವರ್ಷಿಣಿ ಅದನ್ನು ಒಮ್ಮೆ ತಿರುಗಿಸಿ, ಯಾವ ನಗುವೂ ಇಲ್ಲದೆ ವರದಿ ಒಪ್ಪಿಸಿದಳು: "ಮಿಸ್, ಮಂಡೇ ಇವ್ರು ನೀರು ತರ್ಬೇಕು. ಟ್ಯೂಸ್‌ಡೇ ಪಾಟ್ ಕ್ಲೀನಿಂಗ್." ಊಟ ಬಡಿಸುವಾಗ ತಲೆಗೆ ಕಟ್ಟಿಕೊಳ್ಳುವ ಬಿಳಿ ಬಟ್ಟೆಯನ್ನು ತಮ್ಮ ವಿಗ್ಗಿನ ಮೇಲೂ ಕಟ್ಟಿದಳು. ಅದು ತಮಗೆ ಒಪ್ಪುತ್ತಿತ್ತೆಂದು ಮುಖಸ್ತುತಿಯಿಲ್ಲದೆ ಹೇಳಬಲ್ಲೆ.

ತೊಡಕು ಶುರುವಾದದ್ದು ಆಮೇಲೆ. ಅಡುಗೆ, ಒಗೆತ, ಸಾಬೂನು, ಸೌದೆಗಳ ಜೊತೆಗೆ ಸಾವಿರ ಎಕರೆ ಹೊಗೆಸೊಪ್ಪನ್ನು ನೆಟ್ಟು, ಎಲೆಎಲೆಯ ಹುಳುವನ್ನು ಕೈಯಿಂದ ಆರಿಸಿ, ಒಣಗಿಸಿ, ಪೀಪಾಯಿಗೆ ತುಂಬಬೇಕಿತ್ತು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ತಾವು, ತಮ್ಮ ಮಡದಿ, ತಾಯಿ, ಇಬ್ಬರು ಮಕ್ಕಳು ಹಾಗೂ ಒಂದು ಕೂಸು. ವರ್ಷಿಣಿ ಚಕ್ರವನ್ನು ಹೇಗೆ ತಿರುಗಿಸಿದರೂ ಕೆಲಸಗಳು ಉಳಿದುಬಿಡುತ್ತಿದ್ದವು. "ಜನ ಸಾಲಲ್ಲ ಮಿಸ್. ಬೇಬಿಗೆ ತೋಬಾನ್ ಕೊಡಕ್ಕಾಗಲ್ಲ. ಬಾಕ್ಸಲ್ಲಿ ಸಮ್ ಪೀಪಲ್ ಆರ್ ಮಿಸ್ಸಿಂಗ್" ಅಂದಳು.

ಒಂದು ತಿರುಪು ಕಡಿಮೆಯಾದರೂ ಕಂಪನಿಗೆ ತಿಳಿಸಿ ತರಿಸಿಕೊಳ್ಳುವ ಊರಿದು. ನಾನು ಬಾಯಿ ತೆರೆಯುವ ಮೊದಲೇ ಶಾಲೆಯ ಕಚೇರಿಯ ಮೊರಿತಾ ಸಾನ್, ಮಕ್ಕಳು ಹೇಳಿದ್ದನ್ನು ಬರೆದುಕೊಂಡು, ತೊಂದರೆ ಕೊಡುತ್ತಿರುವುದಕ್ಕೆ ಮೂರು ಬಾರಿ ಕ್ಷಮೆ ಕೇಳಿ, ತಮ್ಮ ಪೆಟ್ಟಿಗೆಯಲ್ಲಿ ಜನ ಕಡಿಮೆ ಬಂದಿದ್ದಾರೆಂದು ಕಂಪನಿಗೆ ದೂರು ಕಳುಹಿಸಿದರು. ಪೆಟ್ಟಿಗೆ ಪೂರ್ಣವಾಗಿಯೇ ಇದೆ ಎಂದು ಉತ್ತರ ಬಂತು. ನಮ್ಮ ಮನಸ್ಸಿಗಾದ ಬೇಸರಕ್ಕೆಂದು ಇನ್ನೊಂದು ಬೆಣ್ಣೆ ಡಬ್ಬಿಯೂ ಬಂತು.

ಆ ದಿನ ಕೈಪಿಡಿಯನ್ನು ಮುಚ್ಚಿಟ್ಟು ಮಕ್ಕಳಿಗೆ ಇದ್ದದ್ದನ್ನು ಹೇಳಿದೆ. ತಮ್ಮ ಕಾಲದ ವರ್ಜೀನಿಯಾದಲ್ಲಿ ನೂರಕ್ಕೆ ಸುಮಾರು ನಲವತ್ತು ಜನ ಗುಲಾಮರಾಗಿದ್ದರು. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದವರು, ಅವರಿಗೆ ಅಲ್ಲೇ ಹುಟ್ಟಿದವರು. ಅವರನ್ನು ಮಾರಬಹುದಿತ್ತು, ಉಯಿಲಿನಲ್ಲಿ ಬರೆದು ಮಗನಿಗೆ ಬಿಡಬಹುದಿತ್ತು, ತಾಯಿಯಿಂದ ಮಗುವನ್ನು ಬೇರೆ ಮಾಡಬಹುದಿತ್ತು. ಬೆಣ್ಣೆ ತೆಗೆದವರು ಅವರು, ಹುಳು ಆರಿಸಿದವರು ಅವರು, ತಮ್ಮ ಪಾತ್ರೆಯನ್ನು ಹೊತ್ತವರೂ ಅವರೇ. ಆಮೇಲೆ ಶಿಯೋರಿ ಒಂದೇ ಒಂದು ಪ್ರಶ್ನೆ ಕೇಳಿದಳು: "ಅವರ ಸರದಿ ಯಾವಾಗ ಮುಗಿಯುತ್ತಿತ್ತು?"

ವರ್ಷಿಣಿ ಉತ್ತರಕ್ಕೆ ಕಾಯಲಿಲ್ಲ. ಹೊಸ ಚಕ್ರವೊಂದನ್ನು ಕತ್ತರಿಸಿದಳು. ಚಹಾ, ಪತ್ರ, ಕುದುರೆಗಳ ಎದುರು ತಮ್ಮ ಕುಟುಂಬದವರನ್ನಿಟ್ಟಳು. ಉಳಿದ ಪ್ರತಿಯೊಂದು ಕೆಲಸದ ಎದುರೂ ಒಂದೊಂದು ಮುಖ ಬರೆದು, ಹೆಸರು ಗೊತ್ತಿಲ್ಲವಾದ್ದರಿಂದ ಹೆಸರಿನ ಜಾಗವನ್ನು ಖಾಲಿ ಬಿಟ್ಟಳು. ಕಡೆಗೆ ಎರಡು ಸುತ್ತುಗಳ ನಡುವೆ ಅಂಟು ಸುರಿದು ಒತ್ತಿ ಹಿಡಿದಳು. "ಇದು ತಿರುಗಬಾರ್ದು ಮಿಸ್. ತಿರುಗಿದ್ರೆ ಸುಳ್ಳಾಗುತ್ತೆ."

ಪೋಷಕರು ತರಗತಿ ನೋಡಲು ಬರುವುದು ನಾಳೆ. ಅಂದು ಎಲ್ಲರೆದುರು ವರ್ಷಿಣಿ ವಿವರಿಸಬೇಕಿರುವುದು ಈ ಚಕ್ರವನ್ನೇ, ಬೇರೆ ಯಾವುದನ್ನೂ ವಿವರಿಸುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಪ್ರಾಂಶುಪಾಲರು ಬಂದು ನೋಡಿದರು. ಅವರು ಸಜ್ಜನರು, ಯಾವುದನ್ನೂ ಬೇಡವೆನ್ನುವವರಲ್ಲ. ಮೊದಲು, ಪೋಷಕರಿಗೆ ಕೈಯಾಡಿಸುವಂಥದ್ದು ಇಷ್ಟ, ಇದು ತಿರುಗುವಂತಿದ್ದರೆ ಚೆನ್ನ ಎಂದರು. ಅಂಟು ಒಣಗಿದೆ ಎಂದೆ. ಹಾಗಾದರೆ ಗೋಡೆಯಲ್ಲಿ ಜಾಗವಿಲ್ಲವಲ್ಲ ಎಂದು ತುಂಬ ಮರುಗಿದರು. ಎರಡು ಬೆಣ್ಣೆ ಡಬ್ಬಿಗಳಿಗೂ ಜಾಗವಿತ್ತು. ತಮ್ಮ ತಲೆಯ ಬಿಳಿ ಬಟ್ಟೆಯನ್ನು ಅವರೇ ಸ್ವಂತ ಕೈಯಿಂದ ಬಿಚ್ಚಿ ಮಡಚಿಟ್ಟರು.

ಆದಕಾರಣ ತಮ್ಮಲ್ಲಿ ನನ್ನ ಅರಿಕೆಗಳಿವೆ. ಬಾಗಿಲಿನ ಪಕ್ಕದ ತಮ್ಮ ಸ್ಥಾನವನ್ನು ಒಂದು ಬೆಳಗಿನ ಮಟ್ಟಿಗೆ ಚಕ್ರಕ್ಕೆ ಬಿಟ್ಟುಕೊಟ್ಟು ಸಾಮಾನು ಕೋಣೆಯಲ್ಲಿ ವಿಶ್ರಮಿಸುವ ಕೃಪೆ ಮಾಡಬೇಕು. ಸಾವಿರ ಎಕರೆ ಬಿಟ್ಟು ಬಂದವರಿಗೆ ಎರಡಡಿ ಗೋಡೆ ದೊಡ್ಡದಾಗದು. ಅದು ಘನತೆಗೆ ಕುಂದೆನಿಸಿದರೆ, ತಮ್ಮ ಪಾತ್ರೆಯನ್ನು ಹೊತ್ತವರ ಹೆಸರುಗಳನ್ನಾದರೂ ಆ ಗರಿಯ ಲೇಖನಿಯಿಂದ ಬರೆದುಕೊಡಬೇಕು. ಖಾಲಿ ಬಿಟ್ಟ ಜಾಗಗಳು ವರ್ಷಿಣಿಯನ್ನು ಬಹಳ ಕಾಡುತ್ತಿವೆ. ಅದೂ ನೆನಪಿಲ್ಲವಾದರೆ ಒಂದೇ ಒಂದು ಮಂಗಳವಾರ ತಾವೇ ಬಗ್ಗಿ ಆ ಪಾತ್ರೆಯನ್ನೆತ್ತಬೇಕು. ರಟ್ಟು ಸೊಂಟದಲ್ಲಿ ಮುರಿದರೆ ಟೇಪು ನಾನು ಕೊಡುತ್ತೇನೆ.

ಒಳಚಪ್ಪಲಿಯಲ್ಲಿರುವ ತಮ್ಮ ಪಾದಗಳಿಗೆ ವಂದಿಸುತ್ತಾ,

ತಮ್ಮ ವಿಶ್ವಾಸಿ,
ಕುಮುದಾ
ಐದನೆಯ ತರಗತಿಯ ಶಿಕ್ಷಕಿ

ತಾ.ಕ.: ಸಹಿ ಹಾಕಿದ್ದು ನಿನ್ನೆ, ಇದನ್ನು ಸೇರಿಸುತ್ತಿರುವುದು ಪೋಷಕರೆಲ್ಲ ಹೊರಟುಹೋದ ಮೇಲೆ. ತಾವು ಸ್ಥಾನ ಬಿಟ್ಟುಕೊಡುವ ಪ್ರಮೇಯವೇ ಬರಲಿಲ್ಲ. ಬೆಳಿಗ್ಗೆ ವರ್ಷಿಣಿ ತಮ್ಮ ಸುತ್ತ ಒಂದು ಸಲ ನಡೆದು, "ಗೋಡೇಲಿ ಜಾಗ ಇಲ್ಲ ಅಷ್ಟೇ ತಾನೇ ಮಿಸ್? ಇವ್ರ ಬ್ಯಾಕ್ ಫುಲ್ ಖಾಲಿ ಇದೆ" ಎಂದು ಚಕ್ರವನ್ನು ತಮ್ಮ ಬೆನ್ನಿಗೆ ಅಂಟಿಸಿ, ತಮ್ಮನ್ನು ಗೋಡೆಯಿಂದ ಮುಂದಕ್ಕೆಳೆದು ಬಾಗಿಲಿನತ್ತ ಮುಖ ಮಾಡಿ ನಿಲ್ಲಿಸಿದಳು. ಒಳಬರುವಾಗ ಎಲ್ಲರೂ ತಮ್ಮ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಹೊರಹೋಗುವಾಗ ಎಲ್ಲರೂ ತಮ್ಮ ಹಿಂದೆ ನಿಂತರು. ಅವಳು ಅಲ್ಲೇ ನಿಂತು ಎಲ್ಲವನ್ನೂ ವಿವರಿಸಿದಳು. ರಘುನಂದನ್ ಚಕ್ರ ತಿರುಗಿಸಲು ನೋಡಿ, "ಇದೇನೇ, ಜಾಮ್ ಆಗ್ಬಿಟ್ಟಿದೆ? ತಾಳು, ಸರಿ ಮಾಡ್ಕೊಡ್ತೀನಿ" ಎಂದರು. "ಬೇಡ ಅಪ್ಪ, ಅದು ಬ್ರೋಕನ್ ಅಲ್ಲ. ಅವ್ರ ಮನೇಲಿ ಹಂಗೇ ಇತ್ತು" ಎಂದಳು. ಅವರು ಕೈ ತೆಗೆದು, ಹೆಸರಿಲ್ಲದ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಹಳ ಹೊತ್ತು ನಿಂತರು. ಇಡೀ ಬೆಳಗು ತಮ್ಮ ಎದುರಿನಲ್ಲೇ ನಿಂತು ಅತಿಥಿಗಳನ್ನು ಬರಮಾಡಿಕೊಂಡ ಪ್ರಾಂಶುಪಾಲರಿಗೆ ತಮ್ಮ ನಿಲುವು ಬಹಳ ಹಿಡಿಸಿದೆ, ಮುಂದಿನ ವರ್ಷವೂ ತಮ್ಮನ್ನು ಹೀಗೆಯೇ ನಿಲ್ಲಿಸಬೇಕೆಂದು ಅಪ್ಪಣೆಯಾಗಿದೆ. ಶಾಲೆಯಲ್ಲಿ ತಮ್ಮ ಬೆನ್ನನ್ನು ಇನ್ನೂ ನೋಡದೆ ಉಳಿದವರು ಇಬ್ಬರೇ: ಅವರು ಮತ್ತು ತಾವು.